ಮಣ್ಣಿನ ರುಚಿ ನೋಡುವ ವಿಜ್ಞಾನ

ಬೀದರಿನ ಬಿದರಿ ಕುಶಲಕರ್ಮಿಗಳು ಮಣ್ಣು ಆರಿಸುವ ರೀತಿ ಕೇಳಿದರೆ ಮಕ್ಕಳಿಗೆ ನಗು ಬರುತ್ತದೆ. ಕೋಟೆಯ ಹಳೆಯ ಭಾಗದಿಂದ ತಂದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ನಾಲಿಗೆಗೆ ಮುಟ್ಟಿಸುತ್ತಾರೆ. ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ ಈ ಮಣ್ಣು ಆಗುತ್ತದೆ, ಆ ಮಣ್ಣು ಆಗುವುದಿಲ್ಲ ಎಂದು ತೀರ್ಪು. ತಕ್ಕಡಿ ಇಲ್ಲ, ಗಾಜಿನ ನಳಿಕೆ ಇಲ್ಲ. ಹೂದಾನಿಯ ಕಡುಗಪ್ಪು ಬಣ್ಣ ಆ ಮಣ್ಣಿನ ಮೇಲೆಯೇ ನಿಂತಿದೆ.

ನಮ್ಮ ಖಟಕ ಚಿಂಚೋಳಿಯಲ್ಲಿ, ಭಾಲ್ಕಿಯಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಮದುವೆಗೋ ಸನ್ಮಾನಕ್ಕೋ ಬಂದ ಒಂದು ಬಿದರಿ ಸಾಮಾನು ಇದ್ದೇ ಇರುತ್ತದೆ. ದೂಳು ಒರೆಸುತ್ತೇವೆ, ಮತ್ತೆ ಅಲ್ಲೇ ಇಡುತ್ತೇವೆ. ನಮ್ಮ ಮನೆಯದನ್ನು ಮೊಮ್ಮಗ ಕೈಗೆತ್ತಿಕೊಂಡು, ‘ಮುತ್ಯಾ, ಎಲ್ಲಾ ಕರಿ ಆಗ್ಯದ, ಬೆಳ್ಳಿ ಯಾಕ ಕರಿ ಆಗಿಲ್ಲ?’ ಎಂದು ಕೇಳಿದ. ನಾಲ್ಕೇ ಮಾತು, ಆದರೆ ಉತ್ತರ ಉದ್ದ.

ಬಿದರಿಯ ಮೈ ಕಬ್ಬಿಣದ್ದಲ್ಲ. ಸುಮಾರು 16 ಪಾಲು ಸತು, 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ದದ್ದು. ಅಚ್ಚಿನಿಂದ ಹೊರಬಂದಾಗ ಅದು ಬೂದು ಬಣ್ಣದ ಸಾದಾ ಪಾತ್ರೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರುತ್ತಾರೆ; ಕೂಡಲೇ ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಹೂಬಳ್ಳಿಯ ಗೆರೆ ಎದ್ದು ಕಾಣುತ್ತದೆ. ಗೆರೆಯುದ್ದಕ್ಕೂ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮತ್ತೆ ಉಜ್ಜುತ್ತಾರೆ. ಮೊದಲಿನ ಕಪ್ಪು ಪೂರಾ ಹೋಗುತ್ತದೆ. ಅದು ಬರೀ ಕರಡು ಹಲಗೆ. ಹತ್ತನೆಯ ತರಗತಿಯ ಮಕ್ಕಳು ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸಿ ನೋಡುವ ಪ್ರಯೋಗದ ತಂಗಿ ಇದು: ಅಲ್ಲಿ ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ, ಇಲ್ಲಿ ಸತುವಿನ ಮೇಲೆ.

ನಿಜವಾದ ಕಪ್ಪು ಬರುವುದು ಕೊನೆಗೆ. ಕೋಟೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಆಮೇಲೆ ಎಣ್ಣೆ ಸವರಿದರೆ ಕೆಲಸ ಮುಗಿಯಿತು.

ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು ಎಂಬುದು ಕುಶಲಕರ್ಮಿಗಳು ತಲೆಮಾರಿನಿಂದ ನಂಬಿಕೊಂಡು ಬಂದ ಮಾತು. ಕೇಳಿದರೆ ಮೂಢನಂಬಿಕೆ ಅನ್ನಿಸುತ್ತದೆ, ಆದರೆ ಅಲ್ಲ. ಆ ಮಣ್ಣಿನಲ್ಲಿ ಪೆಟ್ಲುಪ್ಪು ಇದೆ. ಹಳೆಯ ಗೋಡೆ, ದನ ಕಟ್ಟಿದ ಜಾಗಗಳಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಅದು ನಿಧಾನವಾಗಿ ಹುಟ್ಟುತ್ತದೆ. ನೀರಿನಲ್ಲಿ ಬಲು ಬೇಗ ಕರಗುತ್ತದೆ. ಮಳೆ ಬಿದ್ದರೆ ತೊಳೆದು ಹೋಯಿತು! ಆದ್ದರಿಂದ ಮಳೆ ತಾಗದ ಮಣ್ಣು. ರಸಾಯನಶಾಸ್ತ್ರದ ಪುಸ್ತಕ ಓದದವರೂ ಸರಿಯಾದ ನಿಯಮವನ್ನೇ ಹಿಡಿದಿದ್ದರು. ಕಾರಣ ಮಾತ್ರ ಬೇರೆಯವರು ಹೇಳಬೇಕಾಯಿತು. 1987ರಲ್ಲಿ ಇಂಗ್ಲೆಂಡಿನ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಬಿದರಿ ವಸ್ತುಗಳನ್ನು ಪರೀಕ್ಷಿಸಿ ಒಂದು ಲೇಖನ ಬರೆದರು. ಕಪ್ಪಿನ ಗುಟ್ಟು ಮಣ್ಣಿನಲ್ಲಷ್ಟೇ ಇಲ್ಲ, ಲೋಹದೊಳಗಿನ ಆ ಸ್ವಲ್ಪ ತಾಮ್ರದಲ್ಲೂ ಇದೆ. ಬರೀ ಸತು ಹೀಗೆ ಕಪ್ಪಾಗುವುದಿಲ್ಲ. ಮೊಮ್ಮಗನ ಪ್ರಶ್ನೆಗೂ ಇಲ್ಲೇ ಉತ್ತರ: ಆ ಮಣ್ಣು ಹಿಡಿಯುವುದು ಸತು-ತಾಮ್ರದ ಮೈಯನ್ನು, ಬೆಳ್ಳಿಯನ್ನು ಮುಟ್ಟುವುದಿಲ್ಲ.

ನಾಲಿಗೆಗೆ ಇಷ್ಟು ಜಾಣತನ ಎಲ್ಲಿಂದ ಬಂತು? ಚದುರಂಗ ಆಡುವ ಅಜ್ಜಂದಿರಿಗೆ ಇದು ಬೇಗ ಅರ್ಥವಾದೀತು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪರೀಕ್ಷೆ ಮಾಡಿದರು. ನಿಜವಾದ ಆಟದ ಮಧ್ಯದ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾಗಿ ಜೋಡಿಸಿದ. ಹೊಸಬನಿಗೆ ಕೆಲವಷ್ಟೇ ನೆನಪಿದ್ದವು. ಅವೇ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ನುರಿತವನ ಮೇಲುಗೈ ಉಳಿಯಲಿಲ್ಲ. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದಲ್ಲ, ಅವನ ಕಣ್ಣಿಗೆ ಜೋಡಣೆಗಳು ಪರಿಚಿತ. ಕುಶಲಕರ್ಮಿಯ ನಾಲಿಗೆಯೂ ಹೀಗೆಯೇ ಪಳಗಿದ್ದು ಎಂದು ನನಗನ್ನಿಸುತ್ತದೆ.

ಆದರೆ ಪಳಗಿದ ದಾರಿ ಕೆಲವೊಮ್ಮೆ ಕಣ್ಣಿಗೆ ಪಟ್ಟಿಯೂ ಆಗುತ್ತದೆ. ಇದನ್ನು 1942ರಲ್ಲಿ ಅಬ್ರಹಾಂ ಲೂಚಿನ್ಸ್ ನೀರಿನ ಪಾತ್ರೆಗಳ ಲೆಕ್ಕದಿಂದ ತೋರಿಸಿದರು. ಅದನ್ನು ನಮ್ಮ ಕಡೆಯ ಪಾತ್ರೆಗಳಲ್ಲಿ ಹೇಳುತ್ತೇನೆ, ಅಜ್ಜ ಮೊಮ್ಮಕ್ಕಳು ಕೂಡಿ ಬಿಡಿಸಿ. ಕೊಡದಲ್ಲಿ 21 ಲೋಟ ನೀರು ಹಿಡಿಯುತ್ತದೆ, ಹಂಡೆಯಲ್ಲಿ 127, ತಂಬಿಗೆಯಲ್ಲಿ 3. ಸರಿಯಾಗಿ 100 ಲೋಟ ಅಳೆಯಬೇಕು. ಹಂಡೆ ತುಂಬಿ, ಅದರಿಂದ ಒಂದು ಸಲ ಕೊಡ, ಎರಡು ಸಲ ತಂಬಿಗೆ ತುಂಬಿ ತೆಗೆದರೆ 100 ಉಳಿಯುತ್ತದೆ. ಇದೇ ಉಪಾಯದ ನಾಲ್ಕೈದು ಲೆಕ್ಕ ಮಾಡಿಸಿ, ಆಮೇಲೆ ಇದನ್ನು ಕೊಡಿ: ಕೊಡ 23, ಹಂಡೆ 49, ತಂಬಿಗೆ 3, ಬೇಕಾದದ್ದು 20. ಹಿಂದಿನ ಲೆಕ್ಕ ಮಾಡಿದ ಬಹಳ ಜನ ಮತ್ತೆ ಹಂಡೆಯನ್ನೇ ಎತ್ತುತ್ತಾರೆ. ಉತ್ತರವೂ ಬರುತ್ತದೆ. ಆದರೆ ಕೊಡ ತುಂಬಿ ಒಂದು ತಂಬಿಗೆ ತೆಗೆದರೆ ಸಾಕಿತ್ತು! ನಮ್ಮ ಪಡಸಾಲೆಯಲ್ಲಿ ಈ ಆಟ ಆಡಿಸಿದಾಗ, ಮೊದಲಿನ ಲೆಕ್ಕಗಳನ್ನು ಮಾಡದೆ ತಡವಾಗಿ ಬಂದ ಹುಡುಗಿಯೇ ಎಲ್ಲರಿಗಿಂತ ಮುಂಚೆ ಹೇಳಿದಳು. ದೊಡ್ಡವರು ಇನ್ನೂ ಹಂಡೆ ಇಳಿಸಿರಲಿಲ್ಲ.

ಹಾಗಂತ ಹೊಸಬನೇ ಜಾಣ ಎಂದಲ್ಲ. ಏನೂ ಗೊತ್ತಿಲ್ಲದವನ ಹೊಸ ಯೋಚನೆಗಳಲ್ಲಿ ಹೆಚ್ಚಿನವು ಮೊದಲ ಪಾತ್ರೆಯಲ್ಲೇ ಕೆಡುತ್ತವೆ. ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಹೇಳಲು ಪಳಗಿದ ಕೈಯೇ ಬೇಕು. ಪಳಗಿದವರೂ ಹಳೆಯ ದಾರಿ ಬಿಡುವುದುಂಟು. ಹುಕ್ಕಾ, ಪಾನ್‌ದಾನ್ ಕೇಳುವವರು ಕಡಿಮೆಯಾದಾಗ ಬೀದರಿನವರು ಅದೇ ಉಳಿಯಿಂದ ಪೆನ್ ಡ್ರೈವ್‌ಗೂ ಬೆಳ್ಳಿಯ ಬಳ್ಳಿ ಹಬ್ಬಿಸಿದರು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೌರವವೇನೋ ದೊಡ್ಡದೇ. ಆದರೆ ಮಳೆ ಕಾಣದ ಆ ಹಳೆಯ ಮಣ್ಣು ಅಗೆದಷ್ಟೂ ಮುಗಿಯದಂಥದ್ದಲ್ಲ. ಮಣ್ಣಿನ ರುಚಿ ಕಲಿಯಲು ಮನೆಯ ಮಕ್ಕಳು ಕೂರದಿದ್ದರೆ, ನಾಲಿಗೆಯಲ್ಲಿರುವ ವಿದ್ಯೆಯನ್ನು ಯಾವ ಪುಸ್ತಕದಲ್ಲಿ ಹುಡುಕುವುದು?

ಇದನ್ನೆಲ್ಲ ಕೇಳಿಸಿಕೊಂಡ ಮೊಮ್ಮಗ, ‘ಪೆಟ್ಲುಪ್ಪು ಬೇರೆ ಕಡಿ ಸಿಗತದಲ್ಲ ಮುತ್ಯಾ, ಅದನ್ನೇ ಯಾವ್ದಾರ ಮಣ್ಣಿಗಿ ಕಲಸಿದ್ರ ಆಗಲ್ಲೇನು?’ ಎಂದ. ಮನೆಯಲ್ಲಿ ಮಾಡಿ ನೋಡುವ ಆಟ ಇದಲ್ಲ, ಪೆಟ್ಲುಪ್ಪು ಬೆಂಕಿಗೆ ಬಲ ಕೊಡುವ ವಸ್ತು ಎಂದು ಮೊದಲು ಎಚ್ಚರಿಸಿದೆ. ಪ್ರಶ್ನೆಯನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದ್ದೇನೆ. ರಜೆಯಲ್ಲಿ ಬೀದರಿಗೆ ಹೋದಾಗ, ಚೌಬಾರಾ ಕಡೆಯ ಬಿದರಿ ಅಂಗಡಿಯಲ್ಲಿ ಹಿರಿಯ ಕುಶಲಕರ್ಮಿಯೊಬ್ಬರ ಮುಂದೆ ಅವನೇ ಅದನ್ನು ಓದಬೇಕು. ಒಡೆದ ಬಿದರಿ ಚೂರೊಂದನ್ನು ಅವರು ಪರೀಕ್ಷೆಗೆ ಕೊಟ್ಟರೆ ನಮ್ಮ ಭಾಗ್ಯ.