ಸೆಖೆಗಾಲದಲ್ಲಿ ಬ್ರಾಯ್ಲರ್ ಕೋಳಿಗಳ ಆರೈಕೆ

ತೋಟದ ಜೊತೆಗೆ ಬ್ರಾಯ್ಲರ್ ಸಾಕುವ ಸದಸ್ಯರಿಗೆ ಮಾರ್ಚ್-ಏಪ್ರಿಲ್ ಕಷ್ಟದ ಕಾಲ. ಮಾರಾಟಕ್ಕೆ ಬಂದ ಎರಡು ಕಿಲೋ ಕೋಳಿಯೇ ಮೊದಲು ಸಾಯುತ್ತದೆ. ಕೋಳಿಗೆ ಬೆವರಿನ ಗ್ರಂಥಿಯಿಲ್ಲ. ಬಾಯ್ದೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆಗ ಇಂಗಾಲಾಮ್ಲ ಅನಿಲ ವಿಪರೀತ ಹೊರಹೋಗಿ ರಕ್ತದ ಕ್ಷಾರಗುಣ ಏರುತ್ತದೆ, ಲವಣಗಳೂ ನಷ್ಟವಾಗುತ್ತವೆ. ಆದ್ದರಿಂದಲೇ ನೀರಿಗೆ ಎಲೆಕ್ಟ್ರೊಲೈಟ್ ಪುಡಿ. ಪೊಟ್ಟಣದಲ್ಲಿ ಹೇಳಿದ ಪ್ರಮಾಣ ಮೀರಿದರೆ ಹಿಕ್ಕೆ ನೀರಾಗಿ ಹೊಟ್ಟಿನ ಹಾಸು ಒದ್ದೆಯಾದೀತು.

‘ಸಿ’ ಜೀವಸತ್ವವನ್ನು ಕೋಳಿ ತಾನೇ ತಯಾರಿಸಿಕೊಂಡರೂ ಸೆಖೆಯಲ್ಲಿ ಅದು ಸಾಲದು. ಕಿಲೋ ಆಹಾರಕ್ಕೆ 200ರಿಂದ 250 ಮಿಲಿಗ್ರಾಂ ಬೆರೆಸಬಹುದು. ನೀರಿಗಾದರೆ ಆಯಾ ದಿನವೇ ಕಲಸಬೇಕು.

ಒಂದು ವರ್ಷ ನಾವು ಪುಡಿಯನ್ನೇ ನಂಬಿ, ಬಿಸಿಲಿಗೆ ಕಾದ ಪೈಪಿನ ನೀರು ಕುಡಿಸಿ ಐವತ್ತು ಕೋಳಿ ಕಳೆದುಕೊಂಡೆವು. ಈಗ ಟ್ಯಾಂಕಿಗೂ ಪೈಪಿಗೂ ಅಡಿಕೆ ಸೋಗೆ ಹೊದಿಸಿದ್ದೇವೆ. ಹತ್ತರಿಂದ ನಾಲ್ಕರವರೆಗೆ ಆಹಾರ ಕೊಡುವುದಿಲ್ಲ.