ಕ್ಷೇತ್ರವಿಲ್ಲದ ವಿದ್ಯುತ್ಕಾಂತ ಸಿದ್ಧಾಂತ: ಕೊಲ್ಹಾಪುರದ ನಾರಳೀಕರರ ಕೊಡುಗೆ

ಒಂದು ವಿದ್ಯುದಾವೇಶ ದೂರದಲ್ಲಿರುವ ಇನ್ನೊಂದನ್ನು ಸೆಳೆಯುವುದು, ದೂಡುವುದು ಹೇಗೆ? ಭೌತಶಾಸ್ತ್ರದ ರೂಢಿಯ ಉತ್ತರ ‘ಕ್ಷೇತ್ರ’. ಆವೇಶದ ಸುತ್ತಲೆಲ್ಲ ವಿದ್ಯುತ್ಕಾಂತ ಕ್ಷೇತ್ರ ಹಬ್ಬಿರುತ್ತದೆ. ಅದರಲ್ಲಿ ಏಳುವ ಅಲೆಯೇ ಬೆಳಕು. ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್, ಅಂದರೆ ಕ್ಯೂಇಡಿ, ನಿಂತಿರುವುದು ಇದೇ ತಳಹದಿಯ ಮೇಲೆ. ಆದರೆ ಎಲೆಕ್ಟ್ರಾನಿನ ಮೇಲೆ ಅದರದೇ ಕ್ಷೇತ್ರದ ಪರಿಣಾಮವನ್ನು ಲೆಕ್ಕ ಹಾಕಹೋದರೆ ಉತ್ತರ ಅನಂತವಾಗಿಬಿಡುತ್ತದೆ.

ಜಾನ್ ವೀಲರ್ ಮತ್ತು ರಿಚರ್ಡ್ ಫೈನ್‌ಮನ್ 1945ರಲ್ಲಿ ಕ್ಷೇತ್ರವನ್ನೇ ಕೈಬಿಟ್ಟು, ಆವೇಶಗಳ ನಡುವೆ ನೇರ ಕ್ರಿಯೆ ನಡೆಯುತ್ತದೆಂದು ಇಟ್ಟುಕೊಂಡರು. ಈ ಸಿದ್ಧಾಂತಕ್ಕೆ ಕಾಲದ ಎರಡು ದಿಕ್ಕುಗಳೂ ಒಂದೇ. ಅಲುಗಿದ ಆವೇಶದ ಪ್ರಭಾವದಲ್ಲಿ ಅರ್ಧ ಮುಂದಿನ ಕಾಲಕ್ಕೂ ಅರ್ಧ ಹಿಂದಿನ ಕಾಲಕ್ಕೂ ಹೋಗುತ್ತದೆ. ಮುಂದೆ ಹೋದದ್ದು ವಿಶ್ವದಲ್ಲಿನ ಇತರ ಆವೇಶಗಳನ್ನು ಅಲುಗಿಸುತ್ತದೆ. ಅವುಗಳ ಮರುಪ್ರಭಾವ ಕಾಲದಲ್ಲಿ ಹಿಂದಕ್ಕೆ ಸಾಗಿ, ಮೊದಲ ಆವೇಶ ಅಲುಗಿದ ಗಳಿಗೆಗೇ ಬಂದು ಸೇರುತ್ತದೆ. ಇದರಿಂದ ಹಿಂದಕ್ಕೆ ಹೊರಟ ಅರ್ಧ ಅಳಿಯುತ್ತದೆ, ಮುಂದಕ್ಕೆ ಹೊರಟ ಅರ್ಧ ಪೂರ್ಣವಾಗುತ್ತದೆ. ಆದರೆ ಹೊರಟ ಬೆಳಕೆಲ್ಲ ಮುಂದೊಂದು ದಿನ ಎಲ್ಲಾದರೂ ಹೀರಲ್ಪಡಲೇಬೇಕು ಎಂಬುದು ಷರತ್ತು.

ವಿಶ್ವ ಈ ಷರತ್ತನ್ನು ಪೂರೈಸುತ್ತದೆಯೇ? ಈ ಪ್ರಶ್ನೆಯನ್ನು ಪಟ್ಟುಹಿಡಿದು ಶೋಧಿಸಿದವರಲ್ಲಿ ಜಯಂತ ನಾರಳೀಕರ ಪ್ರಮುಖರು. ಅವರು ಹುಟ್ಟಿದ್ದು ಕೊಲ್ಹಾಪುರದಲ್ಲಿ, 1938ರ ಜುಲೈ 19ರಂದು. ತಂದೆ ವಿಷ್ಣು ವಾಸುದೇವ ನಾರಳೀಕರ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಬನಾರಸಿನಲ್ಲಿ ಓದಿದ ಜಯಂತ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾದರು.

ಮಹಾಸ್ಫೋಟದಿಂದ ಹುಟ್ಟಿ ಸದಾ ಹಿಗ್ಗುವ ವಿಶ್ವದಲ್ಲಿ ದ್ರವ್ಯ ತೆಳುವಾಗುತ್ತ ಹೋಗುವುದರಿಂದ ಬೆಳಕು ಹೀರಲ್ಪಡದೆ ಉಳಿಯಬಹುದು. ಹಾಯ್ಲ್ ಪ್ರತಿಪಾದಿಸುತ್ತಿದ್ದ ಸ್ಥಿರಸ್ಥಿತಿ ವಿಶ್ವದಲ್ಲಾದರೋ ಹೊಸ ದ್ರವ್ಯ ಹುಟ್ಟುತ್ತಲೇ ಇದ್ದು ಸಾಂದ್ರತೆ ಬದಲಾಗದು. ಅಲ್ಲಿ ಷರತ್ತು ಈಡೇರುತ್ತದೆ ಎಂದು ಗುರುಶಿಷ್ಯರು ತೋರಿಸಿದರು. 1963ರಲ್ಲಿ ಕಾರ್ನೆಲ್‌ನಲ್ಲಿ ಕಾಲದ ಸ್ವರೂಪ ಕುರಿತು ನಡೆದ ಗೋಷ್ಠಿಯಲ್ಲಿ ನಾರಳೀಕರ ಭಾಗವಹಿಸಿದ್ದರು. ಫೈನ್‌ಮನ್ ಕೂಡ ಅಲ್ಲಿದ್ದರು. ಹೆಸರು ಹಾಕಬಾರದೆಂದು ಅವರು ಹೇಳಿದ್ದರಿಂದ, ಅಚ್ಚಾದ ಚರ್ಚೆಯಲ್ಲಿ ಅವರ ಮಾತುಗಳು ‘ಮಿಸ್ಟರ್ ಎಕ್ಸ್’ ಹೆಸರಿನಲ್ಲಿವೆ.

ಕ್ವಾಂಟಂ ರೂಪ ಕೊಡುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ಉದ್ರಿಕ್ತ ಪರಮಾಣು ಹೊರಗಿನ ಪ್ರಚೋದನೆಯಿಲ್ಲದೆಯೂ ಬೆಳಕು ಚೆಲ್ಲಿ ಕೆಳಮಟ್ಟಕ್ಕೆ ಇಳಿಯುತ್ತದೆ. ಕ್ಯೂಇಡಿ ಇದನ್ನು ಕ್ವಾಂಟಂ ಕ್ಷೇತ್ರದಿಂದ ವಿವರಿಸುತ್ತದೆ. ಕ್ಷೇತ್ರವೇ ಇಲ್ಲದಿದ್ದರೆ? ಹಾಯ್ಲ್ ಮತ್ತು ನಾರಳೀಕರ 1969 ಮತ್ತು 1971ರ ಪ್ರಬಂಧಗಳಲ್ಲಿ, ಕಣ ಸಾಗಬಹುದಾದ ಎಲ್ಲ ಹಾದಿಗಳನ್ನೂ ಕೂಡಿಸಿ ಲೆಕ್ಕ ಹಾಕುವ ಫೈನ್‌ಮನ್‌ರದೇ ಪಥ ಸಂಕಲನ ವಿಧಾನ ಬಳಸಿ, ವಿಶ್ವದ ಮರುಪ್ರಭಾವವೇ ಆ ಕೆಲಸ ಮಾಡುತ್ತದೆಂದು ತೋರಿಸಿದರು. ವಿಶ್ವಕ್ಕೆ ಘಟನಾ ಕ್ಷಿತಿಜವೊಂದಿದ್ದರೆ, ಅಂದರೆ ಆಚೆಯ ಬೆಳಕು ಎಂದಿಗೂ ನಮ್ಮನ್ನು ತಲುಪದ ಎಲ್ಲೆಯೊಂದಿದ್ದರೆ, ಅನಂತಗಳಿಗೂ ತಾನಾಗಿ ಕಡಿವಾಣ ಬೀಳುತ್ತದೆಂದು ಮುಂದೆ ವಾದಿಸಿದರು. 1995ರಲ್ಲಿ ‘ರಿವ್ಯೂಸ್ ಆಫ್ ಮಾಡರ್ನ್ ಫಿಸಿಕ್ಸ್’ ಪತ್ರಿಕೆ ಈ ಕೆಲಸದ ಸಮೀಕ್ಷೆ ಪ್ರಕಟಿಸಿತು.

ಆದರೂ ಈ ದಾರಿ ಹಿಡಿದವರು ಕಡಿಮೆ. 1965ರಲ್ಲಿ, ಮಹಾಸ್ಫೋಟದ ಕುರುಹೆಂದು ಎಣಿಸಲಾದ ವಿಶ್ವದ ಹಿನ್ನೆಲೆ ವಿಕಿರಣದ ಶೋಧ ಪ್ರಕಟವಾದ ಮೇಲೆ ಸ್ಥಿರಸ್ಥಿತಿ ವಾದ ಸೊರಗಿತು. ಇತ್ತ ರೂಢಿಯ ಕ್ಯೂಇಡಿ ಅನಂತಗಳನ್ನು ನಿಭಾಯಿಸುವ ವಿಧಾನ ಕಂಡುಕೊಂಡು, ಪ್ರಯೋಗಗಳಿಗೆ ಅತಿ ನಿಖರವಾಗಿ ಹೊಂದುವ ಉತ್ತರ ಕೊಡುತ್ತ ಬಂದಿದೆ. ನೇರ ಕ್ರಿಯೆಯ ಸಿದ್ಧಾಂತ ಕೊಡುವುದೂ ಬಹುಪಾಲು ಅವೇ ಉತ್ತರಗಳನ್ನು. ಹಾಗಾಗಿ ಪಠ್ಯಪುಸ್ತಕಗಳಲ್ಲಿ ಕ್ಷೇತ್ರವೇ ಉಳಿದಿದೆ.