ಅಡುಗೆಮನೆಗೆ ನೀರು ಬರುವ ದಾರಿ

ಮನೆಗೆ ಬಣ್ಣ ಬಳಿಸುವಾಗ ಗೋಡೆಯನ್ನು ಹತ್ತು ಸಲ ನೋಡುತ್ತೇವೆ. ಅದೇ ಗೋಡೆಯೊಳಗಿನ ನೀರಿನ ಪೈಪು ಸೋರುವವರೆಗೂ ನಮಗೆ ನೆನಪಾಗುವುದಿಲ್ಲ. ನಮ್ಮ ಮಕ್ಕಳು ದಿನವೂ ಕುಡಿಯುವ ನೀರು ಬರುವುದು ಅದರಲ್ಲೇ.

ವಯನಾಡಿನ ಮುಳ್ಳುಕುರುಮರು ಈ ವಿಷಯದಲ್ಲಿ ಬಹಳ ಎಚ್ಚರದವರು. ಪಾಕ್ಕಂ ಮುಂತಾದ ಕಡೆ ಇರುವ ಅವರ 'ಕೇಣಿ' ಎಂಬ ಪುಟ್ಟ ಬಾವಿಗೆ ಬೈನೆ ಮರದ ಬುಡವೇ ಗೋಡೆ. ಬುಡವನ್ನು ಬಹುಕಾಲ ನೀರಿನಲ್ಲಿ ಮುಳುಗಿಸಿಟ್ಟು, ಒಳಗಿನ ತಿರುಳು ಕೊಳೆತು ಹೋದ ಮೇಲೆ, ಗಟ್ಟಿಯಾದ ಹೊರಭಾಗವನ್ನು ಒರತೆಯಿರುವಲ್ಲಿ ಇಳಿಸುತ್ತಿದ್ದರು. ಕಾನಾ ಊರಿನ ಮದುವೆಮನೆಯಲ್ಲೂ ನೀರು ತುಂಬಿದ್ದು ಕಲ್ಲಿನ ಬಾನೆಗಳಲ್ಲಿ (ಯೊವಾನ್ನ 2:6). ಕಲ್ಲಿಗೆ ಮೈಲಿಗೆ ತಟ್ಟದೆಂಬುದು ಯೆಹೂದ್ಯರ ನಂಬಿಕೆ. ನೀರು ಯಾವುದನ್ನು ಮುಟ್ಟಿ ಬರುತ್ತದೆ ಎಂಬುದನ್ನು ಹಿರಿಯರು ಗಮನಿಸುತ್ತಿದ್ದರು.

ನಮ್ಮ ಪೈಪುಗಳ ಕಥೆ ಏನು? ಪಿವಿಸಿ ಪೈಪು ತಯಾರಿಸುವಾಗ ಅದು ಶಾಖಕ್ಕೆ ಕೆಡದಂತೆ ನಮ್ಮ ದೇಶದಲ್ಲಿ ಬಹುಕಾಲ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಇದಕ್ಕೆ ಕಡಿವಾಣ ಹಾಕುವ ನಿಯಮಗಳನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2021ರಲ್ಲಿ. ಹಳೆಯ ಪೈಪಿನಲ್ಲಿ ಸೀಸ ಇರಬಹುದು; ನೀರಿಗೆ ಹುಳಿಗುಣವಿದ್ದರೆ ಅದು ಹೆಚ್ಚು ಕರಗುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಅಡ್ಡಿ. ಇಷ್ಟು ಸೀಸವಾದರೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ನಾವು ಕುದಿಸಿ ಕುಡಿಯುತ್ತೇವಲ್ಲ' ಎನ್ನಬೇಡಿ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ.

ಎಲ್ಲವನ್ನೂ ಒಮ್ಮೆಗೇ ಬದಲಿಸುವ ಶಕ್ತಿ ಎಲ್ಲರಿಗೂ ಇರದು. ಮೊದಲು ಟ್ಯಾಂಕಿನಿಂದ ಅಡುಗೆಮನೆಗೆ ಬರುವ ಪೈಪನ್ನು ಬದಲಿಸಿ. ಐಎಸ್ಐ ಗುರುತಿನ ಜೊತೆಗೆ ತಣ್ಣೀರಿಗೆ ಐಎಸ್ 4985, ಬಿಸಿನೀರಿನ ಸಿಪಿವಿಸಿಗೆ ಐಎಸ್ 15778 ಎಂಬ ಸಂಖ್ಯೆ ನೋಡಿ. ಸೀಸವಿಲ್ಲದ ಪೈಪನ್ನೇ ಕೇಳಿ ಪಡೆಯಿರಿ. ಗೀಸರಿನ ನೀರಿಗೆ ಸಾಮಾನ್ಯ ಪಿವಿಸಿ ತಾಳದು. ಎರಡಕ್ಕೂ ಅಂಟು ಬೇರೆ ಬೇರೆ. ಬಿಸಿಲು ಬೀಳುವ ಕಡೆ ಪೈಪಿಗೆ ಹೊದಿಕೆ ಇರಲಿ, ಇಲ್ಲವಾದರೆ ಪೆಡಸಾಗಿ ಒಡೆಯುತ್ತದೆ. ಗೋಡೆ ಮುಚ್ಚುವ ಮೊದಲು ನೀರು ತುಂಬಿಸಿ ಸೋರಿಕೆ ಪರೀಕ್ಷಿಸಿ. ಅಂಟು ಒಣಗಿದ ಮೇಲೆ ಚೆನ್ನಾಗಿ ನೀರು ಹರಿಯಬಿಟ್ಟು ಬಳಸಿ. ಬದಲಿಸುವವರೆಗೆ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ನೆಲ ಒರೆಸಲು ಹಿಡಿದಿಟ್ಟುಕೊಳ್ಳಿ. ಕುಡಿಯಲು ಆಮೇಲೆ ಬರುವ ನೀರನ್ನು ಹಿಡಿಯಿರಿ.

ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಸಾರಿದರು. ನಮ್ಮ ಮನೆಯ ಕೆಲಸಕ್ಕೆ ಪ್ಲಂಬರ್ ಬಂದಾಗ ನೆರೆಮನೆಯ ಬಡ ವಿಧವೆಯ ನಲ್ಲಿಯನ್ನೂ ಒಮ್ಮೆ ನೋಡಲು ಹೇಳೋಣ. ಬಾಯಾರಿದವರಿಗೆ ನೀರು ಕೊಡುವುದೆಂದರೆ ಇದೂ ಹೌದು.